ಮಧ್ಯಯುಗದ ಯುರೋಪಿನವರು ಆಫ್ರಿಕನ್ನರನ್ನು ಹೇಗೆ ಕಂಡರು? ಓದಿದವರು ದಾರಿ ತೋರಿಸಿ

ಕೇಳಿದವರು, ಹಳಿಯಾಳದಿಂದ:

ಎಲ್ಲರಿಗೂ ನಮಸ್ಕಾರ. ಇತಿಹಾಸದಲ್ಲಿ ಎಂ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಕಿರುಪ್ರಬಂಧಕ್ಕೆ ಈ ವಿಷಯ ಹಿಡಿದಿದ್ದೇನೆ. ನಮ್ಮ ಕಡೆ ಆಫ್ರಿಕ ಮೂಲದ ಸಿದ್ದಿ ಜನ ಜಾಸ್ತಿ. ಜೊತೆಗೆ ಓದಿದ ಸಿದ್ದಿ ಗೆಳತಿ ಒಮ್ಮೆ ಕೇಳಿದಳು, "ಬಿಳಿಯರು ನಮ್ಮಂಥವರನ್ನು ಮೊದಲಿಂದಲೂ ಕೀಳಾಗಿ ನೋಡ್ತಿದ್ರಾ, ಇಲ್ಲಾ ಗುಲಾಮರ ವ್ಯಾಪಾರ ಶುರುವಾದ ಮೇಲಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಮೂರು ತಿಂಗಳಿಂದ ಓದುತ್ತಿದ್ದೇನೆ, ಇನ್ನೂ ಗೊಂದಲ ಆಗಿದೆ. ಒಂದು ಕಡೆ ಕಪ್ಪು ಸಂತ, ಕಪ್ಪು ರಾಜ ಸಿಗುತ್ತಾರೆ. ಇನ್ನೊಂದು ಕಡೆ ಎದೆಯಲ್ಲಿ ಕಣ್ಣು ಬಾಯಿ ಇರುವ ಜನ, ಕಪ್ಪು ದೆವ್ವ. ಎರಡನ್ನೂ ಹೇಗೆ ಹಿಡಿಯಲಿ? ನನಗೆ ಲ್ಯಾಟಿನ್ ಬರುವುದಿಲ್ಲ. ಈ ದಾರಿಯಲ್ಲಿ ನಡೆದವರು ನಿಮ್ಮ ಅನುಭವ ಹೇಳಿ.

ಬರ್ಲಿನ್‌ನಲ್ಲಿರುವ ಕನ್ನಡಿಗ:

ನಾನು ಇತಿಹಾಸ ಕಲಿತವನಲ್ಲ, ಸಾಫ್ಟ್‌ವೇರ್ ಕೆಲಸ. ಆದರೆ ಒಂದು ಭಾನುವಾರ ಮಾಗ್ಡೆಬುರ್ಗ್‌ನ ಕತೀಡ್ರಲ್‌ಗೆ ಹೋಗಿ ಸಂತ ಮೌರಿಸ್‌ನ ಮೂರ್ತಿ ನೋಡಿದ ಮೇಲೆ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಮರಳುಗಲ್ಲಿನ ಮೂರ್ತಿ, ಸುಮಾರು 1240–50ರದ್ದು. ಮೈತುಂಬ ಉಕ್ಕಿನ ಬಳೆಗಳ ಕವಚ, ಅದರೊಳಗಿಂದ ಕಾಣುವ ಮುಖ ಪೂರ್ತಿ ಆಫ್ರಿಕದವನದು. ಗೇಲಿ ಮಾಡಿದ ಹಾಗಿಲ್ಲ, ಹೆದರಿಸುವ ಹಾಗೂ ಇಲ್ಲ. ಎದುರಿಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿಕೊಂಡು ಕೆತ್ತಿದ ಹಾಗಿದೆ. ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ.

ಈಗ ಇದರ ಹಿಂದಿನ ಕಥೆ ನೋಡಿ. ಮೌರಿಸ್ ಈಜಿಪ್ಟಿನ ಥೀಬ್ಸ್ ಕಡೆಯ ರೋಮನ್ ಪಡೆಯ ನಾಯಕ, ಧರ್ಮಕ್ಕಾಗಿ ಸತ್ತವನು ಎಂದು ನಂಬಿಕೆ. 937ರಲ್ಲಿ ಒಟ್ಟೋ ದೊರೆ ಮಾಗ್ಡೆಬುರ್ಗ್‌ನಲ್ಲಿ ಅವನ ಹೆಸರಲ್ಲಿ ಮಠ ಕಟ್ಟಿಸಿದ. ಆದರೆ ಅಲ್ಲಿಂದ ಮುನ್ನೂರು ವರ್ಷ ಅವನನ್ನು ಬಿಳಿಯನಾಗಿಯೇ ತೋರಿಸುತ್ತಿದ್ದರು! ಅದೇ ಸಂತ, ಅದೇ ಊರು, 13ನೇ ಶತಮಾನದಲ್ಲಿ ಒಮ್ಮೆಗೇ ಕಪ್ಪಾದ. ಯಾಕೆ? ಆಗಿನ ಚಕ್ರವರ್ತಿ ಎರಡನೇ ಫ್ರೆಡ್ರಿಕ್‌ನ ಆಸ್ಥಾನದಲ್ಲಿ ಆಫ್ರಿಕದ ಜನ ಇದ್ದರು, ಯೋಹಾನ್ನೆಸ್ ಮೌರುಸ್ ಎಂಬ ಕಪ್ಪು ಅಧಿಕಾರಿ ದೊಡ್ಡ ಹುದ್ದೆಗೆ ಏರಿದ್ದ. ಕೆಲವು ವಿದ್ವಾಂಸರು ಇದಕ್ಕೂ ಮೂರ್ತಿಗೂ ನಂಟು ಹಾಕುತ್ತಾರೆ, ಕೆಲವರು ಒಪ್ಪುವುದಿಲ್ಲ. ನನ್ನ ಸಲಹೆ ಇಷ್ಟೇ, "ಯುರೋಪ್" ಅಂತ ಶುರು ಮಾಡಬೇಡಿ, ಇಂಥ ಒಂದು ವಸ್ತುವಿನಿಂದ ಶುರು ಮಾಡಿ.

ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿರುವವರು:

ಪದಗಳ ವಿಷಯದಲ್ಲಿ ಹುಷಾರಾಗಿರಿ. ನಾನು ಮೊದಲ ಆರು ತಿಂಗಳು ಪುಸ್ತಕಗಳ ಪದಸೂಚಿಯಲ್ಲಿ "ಆಫ್ರಿಕ" ಅಂತ ಹುಡುಕಿ ಹುಡುಕಿ ಸೋತೆ. ಅವರು ಬರೆಯುತ್ತಿದ್ದುದು "ಇಥಿಯೋಪಿಯನ್", "ಮೂರ್", "ಸಾರಸೆನ್" ಎಂದು. ಇಥಿಯೋಪಿಯನ್ ಅಂದರೆ ಗ್ರೀಕಿನಲ್ಲಿ ಸುಟ್ಟ ಮುಖದವನು, ಈಗಿನ ಇಥಿಯೋಪಿಯ ದೇಶದವನೇ ಆಗಬೇಕೆಂದಿಲ್ಲ. ಮೂರ್ ಅಂದರೆ ಉತ್ತರ ಆಫ್ರಿಕದವನೂ ಆಗಬಹುದು, ಕಪ್ಪು ಮನುಷ್ಯನೂ ಆಗಬಹುದು. ಸಾರಸೆನ್ ಅಂದರೆ ಮುಸ್ಲಿಂ, ಬಣ್ಣ ಯಾವುದಾದರೂ ಸರಿ. ಪ್ರತಿ ಮೂಲದಲ್ಲೂ ಯಾವ ಪದ, ಯಾರ ಬಗ್ಗೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಅನುವಾದದಲ್ಲಿ ಓದುವಾಗ ಅಷ್ಟು ಪದಗಳನ್ನಾದರೂ ಮೂಲದಲ್ಲಿ ನೋಡಿ. ಅಷ್ಟಕ್ಕೆ ಪೂರ್ತಿ ಲ್ಯಾಟಿನ್ ಬೇಕಿಲ್ಲ.

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಶಿವಮೊಗ್ಗ:

ತಂಗಿ, ನಿನ್ನ ಗೆಳತಿಯ ಪ್ರಶ್ನೆ ಬಹಳ ಒಳ್ಳೆಯದು. ಅದನ್ನೇ ಪ್ರಬಂಧದ ಮೊದಲ ಸಾಲು ಮಾಡು.

ನಾನು ಸಾಹಿತ್ಯದ ಕಡೆಯಿಂದ ಬಂದವನು, ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದು ಅನ್ನುತ್ತೇನೆ. ಒಂದು 'ಪಾರ್ಸಿವಲ್', 13ನೇ ಶತಮಾನದ ಆರಂಭದ್ದು, ಜರ್ಮನ್ ಕವಿ ವೋಲ್ಫ್ರಾಮ್‌ನದು. ಅದರಲ್ಲಿ ಗಾಮುರೆಟ್ ಎಂಬ ಬಿಳಿ ಯೋಧ ಬೆಲಕಾನೆ ಎಂಬ ಕಪ್ಪು ರಾಣಿಯನ್ನು ಮದುವೆಯಾಗುತ್ತಾನೆ. ಕವಿ ಅವಳ ಗುಣವನ್ನು ಬಾಯಿತುಂಬ ಹೊಗಳುತ್ತಾನೆ. ಗಂಡ ಅವಳನ್ನು ಬಿಟ್ಟು ಹೋಗುವಾಗ ಕಾಗದದಲ್ಲಿ ಧರ್ಮದ ನೆಪ ಹೇಳುತ್ತಾನೆ, ಬಣ್ಣದ ಮಾತಿಲ್ಲ. ಅವರ ಮಗ ಫೈರೆಫಿಟ್ಸ್‌ನ ಮೈ ಕಪ್ಪು ಬಿಳಿ ಮಚ್ಚೆ ಮಚ್ಚೆ. ಅವನು ಕಥಾನಾಯಕನಿಗೆ ಸಮನಾದ ವೀರ. ಕೊನೆಗೆ ದೀಕ್ಷೆ ತಗೊಂಡು ಕ್ರೈಸ್ತನಾಗುತ್ತಾನೆ, ಮೈಬಣ್ಣ ಹಾಗೇ ಉಳಿಯುತ್ತದೆ.

ಇನ್ನೊಂದು 'ಕಿಂಗ್ ಆಫ್ ಟಾರ್ಸ್', 14ನೇ ಶತಮಾನದ ಇಂಗ್ಲಿಷ್ ಕಥನಕಾವ್ಯ. ಇಲ್ಲಿ ಕಪ್ಪು ಸುಲ್ತಾನ ದೀಕ್ಷೆ ತಗೊಂಡ ಕೂಡಲೇ ಬೆಳ್ಳಗಾಗುತ್ತಾನೆ! ಅವನು ಡಮಾಸ್ಕಸ್‌ನವನು, ಆಫ್ರಿಕದವನೇ ಅಲ್ಲ. ಹಾಗಾದರೆ ಕಪ್ಪು ಬಣ್ಣ ಇಲ್ಲಿ ಊರಿನ ಗುರುತಲ್ಲ, ಪಾಪದ ಗುರುತು ಅಂತಾಯಿತು, ಅಲ್ವಾ? "ಆಗ ಧರ್ಮದ ಭೇದ ಮಾತ್ರ ಇತ್ತು, ಬಣ್ಣದ ಭೇದ ಆಮೇಲೆ ಬಂತು" ಅಂತ ನಾನೂ ವರ್ಷಗಟ್ಟಲೆ ತರಗತಿಯಲ್ಲಿ ಪಾಠ ಮಾಡಿದೆ. ಈ ಕಾವ್ಯ ಓದಿದ ಮೇಲೆ ಹಾಗೆ ಹೇಳುವುದನ್ನು ಬಿಟ್ಟೆ. ಎರಡೂ ಆಗಲೇ ಒಂದಕ್ಕೊಂದು ಹೆಣೆದುಕೊಂಡಿದ್ದವು.

ಕಲಾ ಇತಿಹಾಸ ಓದಿದವರು, ಬೆಂಗಳೂರು:

ಚಿತ್ರಗಳ ಬಗ್ಗೆ ನನ್ನ ತಪ್ಪಿನಿಂದ ಕಲಿಯಿರಿ. ಹಸ್ತಪ್ರತಿಯಲ್ಲಿ ಕಪ್ಪು ಮುಖ ಕಂಡಿತೆಂದು ಆಫ್ರಿಕನ್ನರ ಪಟ್ಟಿಗೆ ಸೇರಿಸಿದ್ದೆ. ಆಮೇಲೆ ತಿಳಿಯಿತು, ಅದು ಸೀಸದ ಬಿಳಿ ಬಣ್ಣ, ಕಾಲ ಕಳೆದಂತೆ ತಾನೇ ಕಪ್ಪಾಗಿದ್ದು. ಬಣ್ಣದ ಪರೀಕ್ಷೆ ಆಗಿದೆಯಾ ಅಂತ ನೋಡದೆ ಎಣಿಸಬೇಡಿ.

ಚಿತ್ರ ಹುಡುಕಲು ಡಿ ಮೆನಿಲ್ ದಂಪತಿ 1960ರಲ್ಲಿ ಹ್ಯೂಸ್ಟನ್‌ನಲ್ಲಿ ಶುರು ಮಾಡಿದ ದೊಡ್ಡ ಫೋಟೊ ಸಂಗ್ರಹ ಇದೆ, ಪಾಶ್ಚಾತ್ಯ ಕಲೆಯಲ್ಲಿ ಕಪ್ಪು ಜನರ ಚಿತ್ರಗಳದ್ದೇ. ಮೂವರು ರಾಜರಲ್ಲಿ ಒಬ್ಬ ಯಾವಾಗ ಕಪ್ಪಾದ ಎಂಬುದನ್ನೂ ಅಲ್ಲಿಂದ ಹಿಡಿಯಬಹುದು. ಯೇಸು ಹುಟ್ಟಿದಾಗ ಕಾಣಿಕೆ ತಂದ ಆ ರಾಜ ಕಪ್ಪಗೆ ಕಾಣುವುದು 15ನೇ ಶತಮಾನದಲ್ಲಿ ಸಾಮಾನ್ಯವಾಯಿತು.

ಭೂಪಟಗಳ ಮೇಲೆ ಕೆಲಸ ಮಾಡಿದವರು, ಧಾರವಾಡ:

ನೀವು ಹೇಳಿದ ಎದೆಮುಖದ ಜನ ಹಿಯರ್‌ಫರ್ಡ್ ಭೂಪಟದಲ್ಲಿದ್ದಾರೆ, ಸುಮಾರು 1300ರದ್ದು. ಆಫ್ರಿಕದ ದಕ್ಷಿಣದ ಅಂಚಿನಲ್ಲಿ ಅಂಥವರ ಸಾಲೇ ಇದೆ. ಅದು ಕಂಡು ಬರೆದಿದ್ದಲ್ಲ, ಪ್ಲಿನಿಯಂಥ ಹಳೇ ರೋಮನ್ ಬರಹಗಾರರಿಂದ ಇಳಿದು ಬಂದದ್ದು. ಅದರ ಪಕ್ಕಕ್ಕೆ 1375ರ ಕತಲಾನ್ ಅಟ್ಲಾಸ್ ಇಡಿ. ಇಲ್ಲಿ ಪಶ್ಚಿಮ ಆಫ್ರಿಕದ ಮಾಲಿ ರಾಜ್ಯದ ದೊರೆ ಮಾನ್ಸಾ ಮೂಸಾ ಕಿರೀಟ ಇಟ್ಟು, ಕೈಯಲ್ಲಿ ಚಿನ್ನದ ಗುಂಡು ಹಿಡಿದು ಕೂತಿದ್ದಾನೆ. ಅವನ ನಾಡಿನ ಚಿನ್ನದಿಂದಾಗಿ ಆ ಕಡೆಯ ಅತಿ ಶ್ರೀಮಂತ ದೊರೆ ಎಂದು ಪಕ್ಕದಲ್ಲೇ ಬರೆದಿದೆ. ಮೂಸಾ ಮೆಕ್ಕಾ ಯಾತ್ರೆ ಹೋಗಿದ್ದು 1324ರಲ್ಲಿ. ಅಟ್ಲಾಸ್ ಬರೆದದ್ದು ಮಯೋರ್ಕಾ ದ್ವೀಪದ ಯಹೂದಿ ಕುಶಲಿ ಅಬ್ರಾಹಂ ಕ್ರೆಸ್ಕೆಸ್ ಎನ್ನುತ್ತಾರೆ. ಆ ದ್ವೀಪದವರಿಗೆ ಉತ್ತರ ಆಫ್ರಿಕದ ಜೊತೆ ದಿನನಿತ್ಯದ ವ್ಯಾಪಾರ. ಯಾರಿಗೆ ಒಡನಾಟ ಇತ್ತೋ ಅವರ ಭೂಪಟದಲ್ಲಿ ರಾಜ ಇದ್ದಾನೆ, ಇಲ್ಲದವರ ಭೂಪಟದಲ್ಲಿ ಎದೆಮುಖದವರು. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ತಾಣದಲ್ಲಿ ಇದನ್ನು ಪುಕ್ಕಟೆ ನೋಡಬಹುದು.

"ಇಂಡಿಯಾ" ಅಂತ ಕಂಡರೆ ಅದು ನಮ್ಮ ದೇಶವೇ ಅಂದುಕೊಳ್ಳಬೇಡಿ. ಅವರ ಲೆಕ್ಕದಲ್ಲಿ ಹಲವು ಇಂಡಿಯಾಗಳಿದ್ದವು, ಇಥಿಯೋಪಿಯವೂ ಅದರಲ್ಲಿ ಸೇರುತ್ತಿತ್ತು. ಅದಕ್ಕೇ ಇಂಡಿಯಾದಲ್ಲಿದ್ದ ಪ್ರೆಸ್ಟರ್ ಜಾನ್ ಎಂಬ ಕಲ್ಪನೆಯ ಕ್ರೈಸ್ತ ದೊರೆ 14ನೇ ಶತಮಾನದಲ್ಲಿ ಇಥಿಯೋಪಿಯಕ್ಕೆ ಜಾಗ ಬದಲಾಯಿಸಿದ.

ಇಥಿಯೋಪಿಯದವರು ತಾವೇ ಯುರೋಪಿಗೆ ಬಂದಿದ್ದರು ಎಂಬುದನ್ನು ದಯವಿಟ್ಟು ಬಿಡಬೇಡಿ. 1402ರಲ್ಲಿ ದೊರೆ ದಾವಿತ್‌ನ ರಾಯಭಾರಿಗಳು ಚಿರತೆಗಳ ಸಮೇತ ವೆನಿಸ್‌ಗೆ ಬಂದರು. 1441ರಲ್ಲಿ ಜೆರುಸಲೇಮಿನಿಂದ ಇಥಿಯೋಪಿಯದ ಸನ್ಯಾಸಿಗಳು ಫ್ಲಾರೆನ್ಸ್‌ನ ಧರ್ಮಸಭೆಗೆ ಬಂದಾಗ, ನಮ್ಮ ದೊರೆಯ ಹೆಸರು ಜರಾ ಯಾಕೋಬ್, ಪ್ರೆಸ್ಟರ್ ಜಾನ್ ಅಲ್ಲ ಅಂತ ತಿದ್ದಬೇಕಾಯಿತು. ಆಫ್ರಿಕನ್ನರನ್ನು ಬರೀ ನೋಡಿಸಿಕೊಂಡವರು ಅಂತ ಬರೆದರೆ ಈ ಸನ್ಯಾಸಿಗಳ ಮಾತು ಕಳೆದೇ ಹೋಗುತ್ತದೆ.

ಕೇಳಿದವರು, ಹಳಿಯಾಳದಿಂದ:

ಎಲ್ಲರಿಗೂ ಮನಸಾರೆ ಧನ್ಯವಾದ. ಮೌರಿಸ್ ಮೂರ್ತಿಯ ಫೋಟೊವನ್ನು ಗೆಳತಿಗೆ ಕಳಿಸಿದೆ. "ನಮ್ಮ ಸೋದರಮಾವನ ಹಾಗೇ ಇದಾನೆ" ಅಂದಳು. ಮೌರಿಸ್ ಮತ್ತು ಮಾನ್ಸಾ ಮೂಸಾ, ಇಬ್ಬರ ಮೇಲೆಯೇ ಬರೆಯುತ್ತೇನೆ. ಒಂದು ಪ್ರಶ್ನೆ ಉಳಿಯಿತು, ಯಾವ ವರ್ಷಕ್ಕೆ ನಿಲ್ಲಿಸಲಿ?

ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿರುವವರು:

1444ಕ್ಕೆ. ಆ ವರ್ಷ ಆಗಸ್ಟ್‌ನಲ್ಲಿ ಪೋರ್ಚುಗಲ್‌ನ ಲಾಗೋಸ್‌ನಲ್ಲಿ ಪಶ್ಚಿಮ ಆಫ್ರಿಕದಿಂದ ಹಿಡಿದು ತಂದ 235 ಜನರನ್ನು ಹಂಚಿಕೊಂಡರು. ಅದಕ್ಕೆ ಮುಂಚೆ ಇಟಲಿಯ ವ್ಯಾಪಾರಿಗಳು ಮಾರುತ್ತಿದ್ದ ಗುಲಾಮರಲ್ಲಿ ಹೆಚ್ಚಿನವರು ಕಪ್ಪು ಸಮುದ್ರದ ಕಡೆಯ ತಾತಾರರು, ಸರ್ಕಾಸಿಯನ್ನರು. ಗುಲಾಮ ಅಂದರೆ ಕಪ್ಪು ಮನುಷ್ಯ ಎಂಬ ಸಮೀಕರಣ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಲಾಗೋಸ್‌ನ ಆ ದಿನವನ್ನು ಜುರಾರಾ ಎಂಬ ಆಸ್ಥಾನ ಲೇಖಕ ಬರೆದಿಟ್ಟಿದ್ದಾನೆ, ಇಂಗ್ಲಿಷ್ ಅನುವಾದವೂ ಇದೆ. ತಾಯಿ ಮಕ್ಕಳನ್ನು ಬೇರೆ ಮಾಡಿದ್ದನ್ನು ಕಂಡು ಮರುಗುತ್ತಾನೆ, ಆದರೆ ಅವರ ಆತ್ಮ ಉದ್ಧಾರವಾಯಿತು ಅಂತ ಆ ಕೆಲಸವನ್ನೇ ಹೊಗಳುತ್ತಾನೆ. ಆ ಅಧ್ಯಾಯವನ್ನು ಕೊನೆಗೆ ಓದಿ, ಮೊದಲು ಓದಬೇಡಿ. ಮೊದಲೇ ಓದಿದರೆ ಅದಕ್ಕೂ ಹಿಂದಿನ ಮುನ್ನೂರು ವರ್ಷ ಪೂರ್ತಿ ಅದೇ ಕಣ್ಣಲ್ಲಿ ಕಾಣಲು ಶುರುವಾಗುತ್ತದೆ. ನನಗೆ ಹಾಗೇ ಆಯಿತು, ಎರಡು ಅಧ್ಯಾಯ ತಿರುಗಿ ಬರೆಯಬೇಕಾಯಿತು.