ಹೊಸ ಕಂಪನಿಗೆ ಉದ್ರಿ ಕೊಡುವ ಮುನ್ನ ಕ್ರೆಡಿಟ್ ರಿಪೋರ್ಟಿನಲ್ಲಿ ಏನು ನೋಡಬೇಕು? ಡೈರೆಕ್ಟರ್‌ಗಳನ್ನು ಹೇಗೆ ಪರಿಶೀಲಿಸಬೇಕು?

ಬಿಡಿಭಾಗ_ಸರಬರಾಜು (ಪ್ರಶ್ನೆ):

ಖಾಸಗಿ ಕಂಪನಿಯೊಂದು 60 ದಿನದ ಉದ್ರಿಗೆ ಮಾಲು ಕೇಳುತ್ತಿದೆ. ತಿಂಗಳಿಗೆ ಸುಮಾರು 4 ಲಕ್ಷದ ಆರ್ಡರ್. ತರಿಸಿದ ಕ್ರೆಡಿಟ್ ರಿಪೋರ್ಟಿನಲ್ಲಿ ಸ್ಕೋರ್ 100ಕ್ಕೆ 71, ‘ಕಡಿಮೆ ಅಪಾಯ’ ಎಂದಿದೆ. ಶಿಫಾರಸು ಮಾಡಿದ ಉದ್ರಿ ಮಿತಿ 5 ಲಕ್ಷ. ವಾಯಿದೆ ಮೀರಿ ಸರಾಸರಿ 20 ದಿನಕ್ಕೆ ಪಾವತಿ. ಡೈರೆಕ್ಟರ್ ಇಬ್ಬರು, ಒಬ್ಬರು ಸೇರಿ ಐದೇ ತಿಂಗಳು. ಒಂದು ಚಾರ್ಜ್ (ಸಾಲಕ್ಕೆ ಕಂಪನಿಯ ಆಸ್ತಿಯ ಮೇಲೆ ನೋಂದಾಯಿಸಿದ ಅಡಮಾನ) ತೀರದೆ ಉಳಿದಿದೆ ಎಂದೂ ತೋರಿಸುತ್ತಿದೆ. ಸ್ಕೋರ್ ನೋಡಿ ಮಾಲು ಕಳಿಸಬಹುದೇ? ಡೈರೆಕ್ಟರ್‌ಗಳ ಬಗ್ಗೆ ಇನ್ನೇನು ನೋಡಬೇಕು? ಇಂಥ ರಿಪೋರ್ಟ್ ಹೊಸ ಗ್ರಾಹಕರ ವಿಷಯದಲ್ಲಿ ಮಾತ್ರವೋ, ಬೇರೆಡೆಗೂ ಬರುತ್ತದೋ?

ವಸೂಲಿ_ಮೇಜು:

ಸ್ಕೋರನ್ನು ಕೊನೆಗೆ ನೋಡಿ. ಮೊದಲು ಆ ರಿಪೋರ್ಟ್ ನಿಮ್ಮ ಹತ್ತಿರ ಮಾಲು ಕೇಳುತ್ತಿರುವವರದ್ದೇನಾ ಎಂದು ಖಚಿತ ಮಾಡಿಕೊಳ್ಳಿ. ಇಲ್ಲಿ ಎರಡು ರೀತಿ ಏಮಾರುತ್ತಾರೆ. ಒಂದು, ಆರ್ಡರಿನ ಮೇಲೆ ದೊಡ್ಡ ಸಮೂಹದ ಹೆಸರಿರುತ್ತದೆ, ಬಿಲ್ಲು ಹೋಗುವುದು ಆಸ್ತಿಯೇ ಇಲ್ಲದ ಅದರ ಮರಿ ಕಂಪನಿಗೆ. ಮಾತೃ ಕಂಪನಿ ಲಿಖಿತ ಜಾಮೀನು ಕೊಡದ ಹೊರತು ಅದರ ರಿಪೋರ್ಟಿನಿಂದ ನಿಮಗೇನೂ ಪ್ರಯೋಜನವಿಲ್ಲ. ಹಾಗಾಗಿ ಆರ್ಡರಿನಲ್ಲಿರುವ ಹೆಸರಿಗಲ್ಲ, ನೋಂದಣಿ ಸಂಖ್ಯೆಗೆ ರಿಪೋರ್ಟ್ ತೆಗೆಯಿರಿ. ಭಾರತದಲ್ಲಿ ಅದು 21 ಅಕ್ಷರದ ಸಿಐಎನ್, ಬ್ರಿಟನ್ನಿನಲ್ಲಿ 8 ಅಕ್ಷರದ ಕಂಪನಿ ನಂಬರ್.

ಎರಡನೆಯದು ಇನ್ನೂ ಕೆಟ್ಟದ್ದು. ಒಳ್ಳೆಯ ಹೆಸರಿರುವ ನಿಜವಾದ ಕಂಪನಿಯ ವೇಷದಲ್ಲಿ ಬೇರೆ ಯಾರೋ ಆರ್ಡರ್ ಹಾಕುತ್ತಾರೆ. ರಿಪೋರ್ಟ್ ಚೊಕ್ಕವಾಗಿಯೇ ಇರುತ್ತದೆ, ಆದರೆ ಮಾಲು ಹೋಗುವುದು ಬಾಡಿಗೆ ಗೋದಾಮಿಗೆ. ಇಮೇಲ್ ವಿಳಾಸದ ಡೊಮೇನ್ ಒಂದಕ್ಷರ ಬೇರೆ ಇದೆಯೇ, ಅದು ಎಂದು ನೋಂದಣಿಯಾಯಿತು, ಮಾಲು ಇಳಿಸುವ ವಿಳಾಸಕ್ಕೂ ಕಂಪನಿಗೂ ಏನು ಸಂಬಂಧ ಎಂದು ನೋಡಿ. ಆರ್ಡರಿನಲ್ಲಿ ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ. ನೀವೇ ಬೇರೆ ಕಡೆಯಿಂದ ಹುಡುಕಿದ ನಂಬರಿಗೆ ಮಾಡಿ, ಖರೀದಿ ವಿಭಾಗವನ್ನು ಕೇಳಿ.

ಆಮೇಲೆ ಲೆಕ್ಕ. 5 ಲಕ್ಷದ ಮಿತಿ ಎಂದರೆ ತಿಂಗಳ ಮಾರಾಟಕ್ಕಲ್ಲ, ಯಾವುದೇ ದಿನ ಅವರ ಮೇಲೆ ನಿಮ್ಮ ಒಟ್ಟು ಬಾಕಿ ಅದನ್ನು ಮೀರಬಾರದು ಎಂದು. 60 ದಿನ ವಾಯಿದೆ, 20 ದಿನ ತಡ, ಸೇರಿ 80 ದಿನ. ತಿಂಗಳಿಗೆ 4 ಲಕ್ಷದ ಲೆಕ್ಕದಲ್ಲಿ ಹತ್ತಿರ ಹತ್ತಿರ 10 ಲಕ್ಷದ 67 ಸಾವಿರ ಹೊರಗಿರುತ್ತದೆ. ಅವರಿಗೆಂದೇ ತಯಾರಾಗುತ್ತಿರುವ, ಬೇರೆಯವರಿಗೆ ಮಾರಲಾಗದ ಮಾಲನ್ನೂ ಇದಕ್ಕೆ ಸೇರಿಸಬೇಕು. ಅಂದರೆ ಸ್ಕೋರ್ ‘ಕಡಿಮೆ ಅಪಾಯ’ ಎನ್ನುತ್ತಿದ್ದರೂ ಅವರು ಕೇಳುತ್ತಿರುವುದು ಶಿಫಾರಸಿನ ಎರಡು ಪಟ್ಟಿಗಿಂತ ಹೆಚ್ಚು.

ಪಾವತಿಯ ಸರಾಸರಿಯನ್ನೂ ಬಿಡಿಸಿ ನೋಡಿ. ಕೆಲವು ಸೂಚ್ಯಂಕಗಳು ದೊಡ್ಡ ಮೊತ್ತದ ಬಿಲ್ಲಿಗೆ ಹೆಚ್ಚು ತೂಕ ಕೊಡುತ್ತವೆ. ಕ್ರೆಡಿಟ್ ರಿಪೋರ್ಟ್ ಕೊಡುವ ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ಸಂಸ್ಥೆಯ ಪಾವತಿ ಅಂಕ ಪೇಡೆಕ್ಸ್ ಹಾಗೆಯೇ: 80 ಎಂದರೆ ವಾಯಿದೆಗೆ ಸರಿಯಾಗಿ, 50 ಎಂದರೆ 30 ದಿನ ತಡ. ಇಂಥ ಲೆಕ್ಕದಲ್ಲಿ ದೊಡ್ಡ ಸರಬರಾಜುದಾರರಿಬ್ಬರಿಗೆ ಸಮಯಕ್ಕೆ ಕೊಟ್ಟು ಹತ್ತು ಸಣ್ಣವರನ್ನು ಸತಾಯಿಸುವ ಕಂಪನಿಗೂ ಅಂಕ ಚೆನ್ನಾಗಿಯೇ ಬರುತ್ತದೆ. ನೀವು ಸಣ್ಣವರ ಸಾಲಿನಲ್ಲಿದ್ದರೆ ಸಣ್ಣ ಬಿಲ್ಲುಗಳ ಸಾಲನ್ನೇ ಓದಬೇಕು.

ನಿರ್ದೇಶಕ_ಶೋಧ:

ಡೈರೆಕ್ಟರ್ ವಿಷಯಕ್ಕೆ ಬರುತ್ತೇನೆ. ಹೆಸರಿನಿಂದ ಹುಡುಕಿದರೆ ಅರ್ಧ ಕೆಲಸ ಹಾಳು. ಭಾರತದಲ್ಲಿ ಒಬ್ಬರಿಗೆ ಒಂದೇ ಡಿಐಎನ್ (ಡೈರೆಕ್ಟರ್ ಗುರುತಿನ ಸಂಖ್ಯೆ), 8 ಅಂಕಿ, ಜೀವನಪೂರ್ತಿ. ಅದರಿಂದ ಹುಡುಕಿದರೆ ಎಲ್ಲ ಕಂಪನಿಗಳೂ ಒಟ್ಟಿಗೆ ಸಿಗುತ್ತವೆ. ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನಲ್ಲಿ ಸಾರ್ವಜನಿಕರಿಗೆ ಕಾಣುವುದು ಹುಟ್ಟಿದ ತಿಂಗಳು ಮತ್ತು ವರ್ಷ ಮಾತ್ರ. ಹೆಸರನ್ನೋ ವಿಳಾಸವನ್ನೋ ಸ್ವಲ್ಪ ಬೇರೆಯಾಗಿ ಬರೆದಿದ್ದರೆ ಒಬ್ಬರದೇ ನೇಮಕಗಳು ಎರಡು ಮೂರು ಪುಟಗಳಲ್ಲಿ ಹಂಚಿಹೋಗಿರುತ್ತವೆ. ಮಧ್ಯದ ಹೆಸರು ಬಿಟ್ಟು, ಇನಿಷಿಯಲ್ ಹಾಕಿ, ಹೆಸರು ಹಿಂದುಮುಂದು ಮಾಡಿ ಹುಡುಕಿ. ತದ್ವಿರುದ್ಧವೂ ಆಗುತ್ತದೆ: ಅದೇ ಹೆಸರಿನ ಬೇರೆಯವರ ಪಾಪ ಇವರ ತಲೆಗೆ ಬರುತ್ತದೆ. ಹುಟ್ಟಿದ ತಿಂಗಳು, ವಿಳಾಸ, ಜೊತೆಯ ಡೈರೆಕ್ಟರ್‌ಗಳು, ಈ ಮೂರರಲ್ಲಿ ಎರಡಾದರೂ ತಾಳೆಯಾಗದೆ ಯಾರ ಮೇಲೂ ತೀರ್ಮಾನಕ್ಕೆ ಬರಬೇಡಿ.

ಮುಚ್ಚಿದ ಕಂಪನಿ ಇದೆ ಎಂದ ಕೂಡಲೇ ಗಾಬರಿಯಾಗಬೇಕಿಲ್ಲ. ಕೆಲಸ ಮುಗಿದು, ಸಾಲ ತೀರಿಸಿ ಮುಚ್ಚಿದ ಕಂಪನಿಗಳು ಬೇಕಾದಷ್ಟಿವೆ. ಅದರ ಕೊನೆಯ ಬ್ಯಾಲೆನ್ಸ್ ಶೀಟ್ ತೆರೆಯಿರಿ. ಸರಬರಾಜುದಾರರ ಬಾಕಿ ಹಾಗೇ ಉಳಿದಿದ್ದು, ಲೆಕ್ಕ ಸಲ್ಲಿಸುವುದು ನಿಂತು, ರಿಜಿಸ್ಟ್ರಾರ್ ಪಟ್ಟಿಯಿಂದ ತೆಗೆದುಹಾಕಿದ್ದರೆ ಅದು ಬೇರೆ ಕಥೆ. ಅದೇ ವಿಳಾಸದಲ್ಲಿ, ಅದೇ ವ್ಯಾಪಾರಕ್ಕೆ, ಹೆಚ್ಚುಕಡಿಮೆ ಅದೇ ಹೆಸರಿನ ಹೊಸ ಕಂಪನಿ ಮುಚ್ಚುವುದಕ್ಕೆ ಮೊದಲೇ ಹುಟ್ಟಿದ್ದರೆ ಉದ್ರಿ ಬೇಡವೇ ಬೇಡ.

ಡೈರೆಕ್ಟರ್ ಆಗಲು ಅನರ್ಹರೆಂದು ದಾಖಲಾಗಿದ್ದರೆ ಅದರ ಕಾರಣವನ್ನೂ ಓದಿ. ಭಾರತದ 2013ರ ಕಂಪನಿ ಕಾಯ್ದೆಯ 164(2)ರಡಿ, ಕಂಪನಿ ಸತತ 3 ಹಣಕಾಸು ವರ್ಷ ಲೆಕ್ಕಪತ್ರ ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸದಿದ್ದರೂ ಡೈರೆಕ್ಟರ್ 5 ವರ್ಷ ಅನರ್ಹರಾಗುತ್ತಾರೆ. ಬ್ರಿಟನ್ನಿನ 1986ರ ಕಾಯ್ದೆಯಲ್ಲಿ, ದಿವಾಳಿ ಕಂಪನಿಯನ್ನು ಅಯೋಗ್ಯ ರೀತಿಯಲ್ಲಿ ನಡೆಸಿದ್ದಕ್ಕೆ 2ರಿಂದ 15 ವರ್ಷ. ಎರಡರ ತೂಕ ಒಂದೇ ಅಲ್ಲ.

ಇನ್ನು ಐದು ತಿಂಗಳ ಹೊಸ ಡೈರೆಕ್ಟರ್. ಕಂಪನಿ ಎಷ್ಟು ಹಳೆಯದು, ನಡುವೆ ನಿದ್ದೆ ಮಾಡುತ್ತಿತ್ತೇ? ವರ್ಷಗಟ್ಟಲೆ ವ್ಯವಹಾರವಿಲ್ಲದ ಕಂಪನಿಯನ್ನು ಕೊಂಡು, ಡೈರೆಕ್ಟರ್, ವಿಳಾಸ, ವ್ಯಾಪಾರದ ವಿವರ ಮೂರನ್ನೂ ಒಟ್ಟಿಗೆ ಬದಲಿಸಿ, ಆಡಿಟ್ ಇಲ್ಲದ ಭರ್ಜರಿ ಲೆಕ್ಕ ಸಲ್ಲಿಸುವುದು ಹಳೇ ಮೋಸ. ಕಂಪನಿಯ ವಯಸ್ಸು ಸ್ಕೋರನ್ನು ಮೇಲೆತ್ತುತ್ತದೆ, ಅದಕ್ಕೇ ಹಳೆಯದನ್ನು ಕೊಳ್ಳುತ್ತಾರೆ. ಮೊದಲ ಎರಡು ಮೂರು ಸಣ್ಣ ಆರ್ಡರಿಗೆ ಪಾವತಿ ವಾಯಿದೆಗೂ ಮುಂಚೆ ಬರುತ್ತದೆ, ಆಮೇಲೆ ನಾಲ್ಕು ಪಟ್ಟು ದೊಡ್ಡ ಆರ್ಡರ್, ತುರ್ತು. ಅಲ್ಲಿಗೆ ಮುಗಿಯಿತು.

ಬ್ಯಾಲೆನ್ಸ್_ಶೀಟ್:

ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ: ಅಂಕಿಗಳ ತಾರೀಖು ನೋಡಿ. ಬ್ರಿಟನ್ನಿನ ಖಾಸಗಿ ಕಂಪನಿಗೆ ವರ್ಷ ಮುಗಿದ ಮೇಲೆ ಲೆಕ್ಕ ಸಲ್ಲಿಸಲು 9 ತಿಂಗಳು ಸಮಯ. ಮುಂದಿನ ಲೆಕ್ಕ ಬರುವ ಹೊತ್ತಿಗೆ ನೀವು ಓದುತ್ತಿರುವುದು 21 ತಿಂಗಳ ಹಳೆಯ ಚಿತ್ರ. ವರ್ಷಾಂತ್ಯದ ತಾರೀಖನ್ನೇ ಬದಲಿಸಿ ಅವಧಿ ಎಳೆದಿದ್ದರೆ ಕಾರಣ ಕೇಳಿ. ಆಡಿಟರ್ ನಡುವೆಯೇ ಬಿಟ್ಟುಹೋಗಿದ್ದರೂ ಅಷ್ಟೇ.

ನಿವ್ವಳ ಮೌಲ್ಯ 50 ಲಕ್ಷ ಎಂದಿದ್ದರೆ ಅಲ್ಲಿಗೇ ನಿಲ್ಲಬೇಡಿ. ಅದರಲ್ಲಿ 18 ಲಕ್ಷ ಗುಡ್‌ವಿಲ್ (ಹೆಸರು, ಖ್ಯಾತಿಗೆ ಕಟ್ಟಿದ ಬೆಲೆ), 25 ಲಕ್ಷ ಡೈರೆಕ್ಟರರ ಇನ್ನೊಂದು ಕಂಪನಿಗೆ ಕೊಟ್ಟ ಸಾಲ ಎಂದಾದರೆ ಕೈಗೆ ಸಿಗುವುದು 7 ಲಕ್ಷ. ಇನ್ನೊಂದು ಲೆಕ್ಕ ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆಯದು: ಸರಬರಾಜುದಾರರ ಬಾಕಿಯನ್ನು ವರ್ಷದ ಖರೀದಿಯಿಂದ ಭಾಗಿಸಿ 365ರಿಂದ ಗುಣಿಸಿ. ಬಾಕಿ 30 ಲಕ್ಷ, ಖರೀದಿ 146 ಲಕ್ಷ ಇದ್ದರೆ 75 ದಿನ. ಹಿಂದಿನ ವರ್ಷ ಅದೇ ಖರೀದಿಗೆ ಬಾಕಿ 20 ಲಕ್ಷ, ಅಂದರೆ 50 ದಿನ ಇದ್ದಿದ್ದರೆ, ಕಂಪನಿ ಬ್ಯಾಂಕಿನ ಬದಲು ಸರಬರಾಜುದಾರರ ದುಡ್ಡಿನಲ್ಲಿ ನಡೆಯಲು ಶುರುವಾಗಿದೆ. ಸಣ್ಣ ಕಂಪನಿಗಳು ಹಲವು ದೇಶಗಳಲ್ಲಿ ಲಾಭ-ನಷ್ಟದ ಪಟ್ಟಿ ಬಹಿರಂಗಪಡಿಸಬೇಕಿಲ್ಲ. ಆಗ ಖರೀದಿ ಅಂಕಿಯನ್ನು ಅವರಿಂದಲೇ ಕೇಳಿ ಪಡೆಯಿರಿ.

ಚಾರ್ಜ್ ಇದೆ ಎನ್ನುವುದೇ ದೋಷವಲ್ಲ. ಬ್ಯಾಂಕ್ ಸಾಲಕ್ಕೆ ಅಡಮಾನ ಸಹಜ. ಸಾಲ ತೀರಿದ್ದರೂ ತೀರಿತೆಂಬ ಫಾರ್ಮ್ ಸಲ್ಲಿಸದೆ ದಾಖಲೆಯಲ್ಲಿ ಉಳಿದುಬಿಡುವುದೂ ಉಂಟು, ಬ್ಯಾಂಕಿನ ಪತ್ರ ಕೇಳಿದರೆ ಗೊತ್ತಾಗುತ್ತದೆ. ಯಾವ ಆಸ್ತಿಯ ಮೇಲೆ ಎಂಬುದು ಮುಖ್ಯ. ಒಂದು ಯಂತ್ರದ ಮೇಲಿದ್ದರೆ ಸರಿ, ಸಮಸ್ತ ಆಸ್ತಿ ಮತ್ತು ಬರಬೇಕಾದ ಬಾಕಿಗಳ ಮೇಲಿದ್ದರೆ ಕಂಪನಿ ಬಿದ್ದ ದಿನ ನಿಮ್ಮ ಸರದಿ ಕೊನೆಯಲ್ಲಿ. ಕೆಲವೇ ತಿಂಗಳಲ್ಲಿ ಬೇರೆ ಬೇರೆ ಸಾಲದಾತರಿಂದ ಮೂರು ಚಾರ್ಜ್ ಬಂದಿದ್ದರೆ ಕೈ ಬಿಗಿಹಿಡಿಯಿರಿ.

ದೊಡ್ಡ ಕಂಪನಿ, ಒಳ್ಳೆಯ ಆಡಿಟ್ ಎಂದು ಮೈಮರೆಯುವವರು ಬ್ರಿಟನ್ನಿನ ನಿರ್ಮಾಣ ಗುತ್ತಿಗೆ ಕಂಪನಿ ಕ್ಯಾರಿಲಿಯನ್ ಅನ್ನು ನೋಡಬೇಕು. 2016ರ ಲೆಕ್ಕಕ್ಕೆ 2017ರ ಮಾರ್ಚಿನಲ್ಲಿ ಆಡಿಟರ್ ಆಕ್ಷೇಪವಿಲ್ಲದೆ ಸಹಿ ಮಾಡಿದ್ದರು. ಜುಲೈನಲ್ಲಿ ಗುತ್ತಿಗೆಗಳ ಮೌಲ್ಯವನ್ನು 84.5 ಕೋಟಿ ಪೌಂಡ್ ಇಳಿಸಿದರು, 2018ರ ಜನವರಿಯಲ್ಲಿ ಕಂಪನಿ ಕುಸಿಯಿತು. ಸರಬರಾಜುದಾರರಿಗೆ ಅದು ವಿಧಿಸಿದ್ದ ವಾಯಿದೆ 120 ದಿನದವರೆಗೆ ಹೋಗಿತ್ತು. ಆ ವಾಯಿದೆ ಎಲ್ಲರ ಕಣ್ಣೆದುರೇ ಇತ್ತು.

ಬಿಡಿಭಾಗ_ಸರಬರಾಜು:

ಎಲ್ಲರಿಗೂ ಧನ್ಯವಾದ. ನೋಂದಣಿ ಸಂಖ್ಯೆ ತಾಳೆಯಾಯಿತು, ಕಂಪನಿ ನಿರಂತರವಾಗಿ ವ್ಯವಹಾರ ಮಾಡಿದೆ. ಚಾರ್ಜ್ ಮಾತ್ರ ಸಮಸ್ತ ಆಸ್ತಿಯ ಮೇಲಿದೆ. ಆರ್ಡರ್ ಬಿಡಲು ಮನಸ್ಸಿಲ್ಲ. ಯಾವ ಷರತ್ತಿನ ಮೇಲೆ ಒಪ್ಪಬಹುದು?

ವಸೂಲಿ_ಮೇಜು:

ಅರ್ಧ ಮುಂಗಡ, ಉಳಿದರ್ಧಕ್ಕೆ 30 ದಿನ. 20 ದಿನ ತಡವಾದರೂ ತಿಂಗಳಿಗೆ 2 ಲಕ್ಷದಂತೆ 50 ದಿನಕ್ಕೆ ಸುಮಾರು 3 ಲಕ್ಷದ 33 ಸಾವಿರ ಹೊರಗಿರುತ್ತದೆ, ತಯಾರಿಯಲ್ಲಿರುವ ಮಾಲು ಸೇರಿಸಿದರೂ 5 ಲಕ್ಷದೊಳಗೆ. ವಾಯಿದೆ ಮೀರಿ 15 ದಿನವಾದರೆ ಮುಂದಿನ ಲಾರಿ ಹೊರಡುವುದಿಲ್ಲ ಎಂದು ಮೊದಲೇ ಬರೆದುಕೊಳ್ಳಿ. ನಿಮ್ಮ ಮಾರಾಟ ವಿಭಾಗ ಅದನ್ನು ಮುರಿಯದಂತೆ ತಡೆಯುವ ಅಧಿಕಾರ ಯಾರದ್ದು ಎಂದೂ ತೀರ್ಮಾನಿಸಿ. ಡೈರೆಕ್ಟರರ ವೈಯಕ್ತಿಕ ಜಾಮೀನು ಕೇಳುವುದಾದರೆ ಅವರ ವೈಯಕ್ತಿಕ ಕ್ರೆಡಿಟ್ ವರದಿಗೆ ಲಿಖಿತ ಒಪ್ಪಿಗೆ ಪಡೆಯಿರಿ. ಕಂಪನಿಯ ವರದಿಯಂತೆ ಅದನ್ನು ಸುಮ್ಮನೆ ತೆಗೆಯುವಂತಿಲ್ಲ.

ನಿರ್ದೇಶಕ_ಶೋಧ:

ಬೇರೆ ಉಪಯೋಗ ಕೇಳಿದ್ದಿರಿ. ನೀವೇ ಮುಂಗಡ ಕೊಡುವಾಗ ಇದು ಇನ್ನೂ ಮುಖ್ಯ. ಅಚ್ಚು ಮಾಡಿಸಲು, ಯಂತ್ರ ಕೊಳ್ಳಲು ಹಣ ಕೊಟ್ಟ ಮೇಲೆ ಸರಬರಾಜುದಾರ ಮುಳುಗಿದರೆ ಹಣವೂ ಇಲ್ಲ, ಅಚ್ಚೂ ಇಲ್ಲ. ಕಟ್ಟಡ ಬಾಡಿಗೆಗೆ ಕೊಡುವವರು, ಉಪಗುತ್ತಿಗೆ ಕೊಡುವವರು, ಹೊಸ ಕೆಲಸಕ್ಕೆ ಸೇರುವವರೂ ನೋಡಬಹುದು.

ವರ್ಷಕ್ಕೊಮ್ಮೆ ನಿಮ್ಮ ಸ್ವಂತ ಕಂಪನಿಯ ರಿಪೋರ್ಟನ್ನೂ ತೆಗೆಯಿರಿ. ಹಳೆಯ ವಿಳಾಸ, ತೀರಿಸಿದ ಕೋರ್ಟ್ ಬಾಕಿ, ಮುಚ್ಚದ ಚಾರ್ಜ್ ನಿಮ್ಮ ಅಂಕವನ್ನೂ ಕೆಳಗೆಳೆಯುತ್ತವೆ. ಬ್ರಿಟನ್ನಿನಲ್ಲಿ ಕೌಂಟಿ ಕೋರ್ಟ್ ತೀರ್ಪಿನ ಹಣವನ್ನು ಒಂದು ತಿಂಗಳೊಳಗೆ ಕಟ್ಟಿದರೆ ದಾಖಲೆಯಿಂದಲೇ ತೆಗೆಸಬಹುದು, ತಡವಾದರೆ 6 ವರ್ಷ ಉಳಿಯುತ್ತದೆ. ತಪ್ಪು ಕಂಡರೆ ಮೊದಲು ಮೂಲ ದಾಖಲೆಯನ್ನು ಸರಿಪಡಿಸಿ, ಆಮೇಲೆ ರಿಪೋರ್ಟ್ ಕೊಡುವವರಿಗೆ ಪುರಾವೆ ಕಳಿಸಿ. ಮೂಲ ಹಾಗೇ ಇದ್ದರೆ ಮುಂದಿನ ಬಾರಿ ಮಾಹಿತಿ ನವೀಕರಿಸುವಾಗ ಅದೇ ತಪ್ಪು ವಾಪಸ್ ಬರುತ್ತದೆ.