ಈಜುಕೊಳದ ‘ಬಾಂಡಿಂಗ್’ಗೆ ಭೂಸಂಪರ್ಕ ಅನ್ನಬಹುದೇ?

ಗೆಳೆಯರೇ,

ಸರ್ಜಾಪುರ ರಸ್ತೆಯ ಕಡೆ ಪರಿಚಯದವರೊಬ್ಬರು ಮನೆಯಲ್ಲೇ ಈಜುಕೊಳ ಕಟ್ಟಿಸುತ್ತಿದ್ದಾರೆ. ಕೆಲಸದವರಿಗಾಗಿ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ‘ಬಾಂಡಿಂಗ್’ಗೆ, ಅಂದರೆ ಕೊಳದ ಲೋಹದ ಭಾಗಗಳನ್ನೆಲ್ಲ ತಂತಿಯಿಂದ ಒಂದಕ್ಕೊಂದು ಜೋಡಿಸುವುದಕ್ಕೆ, ಏನು ಬರೆಯಲಿ? ‘ಭೂಸಂಪರ್ಕ ಅಂತ ಹಾಕಿ, ಎಲ್ಲಾ ಅರ್ಥಿಂಗೇ ಅಲ್ವಾ’ ಅನ್ನುತ್ತಾರೆ ಕೆಲವರು. ನನಗೆ ಒಪ್ಪಿಗೆಯಿಲ್ಲ.

ಪಂಪಿನ ಮೋಟರ್‌ನಲ್ಲಿ ಕರೆಂಟ್ ಸೋರಿ ಅದರ ಲೋಹದ ಕವಚಕ್ಕೆ ಬಂದರೆ ಅರ್ಥ್ ವೈರಿನಲ್ಲಿ ಹರಿದು ಬ್ರೇಕರ್ ಟ್ರಿಪ್ ಆಗಬೇಕು. ಅದು ಅರ್ಥಿಂಗ್. ಬಾಂಡಿಂಗ್ ಮಾಡುವ ಕೆಲಸ ಬೇರೆ. ಕಾಂಕ್ರೀಟಿನೊಳಗಿನ ಕಂಬಿ, ಸ್ಟೀಲ್ ಏಣಿ, ದೀಪದ ಲೋಹದ ಗೂಡು, ಮೋಟರ್, ಇವನ್ನೆಲ್ಲ ತಾಮ್ರದ ತಂತಿಯಿಂದ ಒಂದಕ್ಕೊಂದು ಜೋಡಿಸುತ್ತಾರೆ. ಮಗು ನೀರಲ್ಲಿ ನಿಂತು ಏಣಿ ಹಿಡಿಯುತ್ತದೆ ಅಂದುಕೊಳ್ಳಿ. ಕಾಲಿನ ಹತ್ತಿರದ ನೀರಿಗೂ ಕೈಯಲ್ಲಿರುವ ಏಣಿಗೂ ವೋಲ್ಟೇಜ್ ವ್ಯತ್ಯಾಸ ಇರಬಾರದು. ವ್ಯತ್ಯಾಸವೇ ಇಲ್ಲದಿದ್ದರೆ ಮೈಯೊಳಗೆ ಕರೆಂಟ್ ಹರಿಯುವುದೂ ಇಲ್ಲ. ಒದ್ದೆ ಚರ್ಮ ಕರೆಂಟನ್ನು ಹೆಚ್ಚು ತಡೆಯುವುದಿಲ್ಲವಾದ್ದರಿಂದ, ಒಣ ನೆಲದಲ್ಲಿ ಗೊತ್ತೇ ಆಗದಷ್ಟು ಸಣ್ಣ ವ್ಯತ್ಯಾಸವೂ ಇಲ್ಲಿ ಅಪಾಯ.

ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನಲ್ಲಿ ಇದಕ್ಕೆ 680.26 ಅಂತ ಪ್ರತ್ಯೇಕ ಭಾಗವೇ ಇದೆ. ಕನಿಷ್ಠ 8 ಗೇಜಿನ ಗಟ್ಟಿ ತಾಮ್ರದ ತಂತಿ ಕೇಳುತ್ತಾರೆ. ಆದರೆ ಅದನ್ನು ದೂರದ ಪ್ಯಾನೆಲ್‌ಗೋ ಅರ್ಥ್ ರಾಡಿಗೋ ಎಳೆಯಲೇಬೇಕೆಂದಿಲ್ಲ. ಅಂದಮೇಲೆ ಪದದಲ್ಲಿ ‘ಭೂ’ ಯಾಕೆ? ‘ಭೂಸಂಪರ್ಕ’ ಅಂತ ಓದಿದವನು ಮೋಟರಿನಿಂದ ಅರ್ಥ್ ಗುಂಡಿಗೆ ಒಂದು ತಂತಿ ಎಳೆದು, ಏಣಿಯನ್ನು ಹಾಗೇ ಬಿಟ್ಟು ಹೋಗಬಹುದು. ಅಮೆರಿಕದಲ್ಲಿ ಇನ್‌ಸ್ಪೆಕ್ಟರ್ ಕಾಂಕ್ರೀಟ್ ಹಾಕುವ ಮುಂಚೆಯೇ ಬಂದು ಕಂಬಿಯ ಮೇಲಿನ ಕ್ಲಾಂಪ್ ನೋಡುತ್ತಾರೆ. ಮುಚ್ಚಿದ ಮೇಲೆ ನೋಡುವುದೇನು? ನಾನೂ ಹಾಗೇ ಬರೆದಿದ್ದೇನೆ: ಮೊದಲು ಕ್ಲಾಂಪ್ ತೋರಿಸಿ, ಫೋಟೋ ತೆಗೆಯಿರಿ, ಆಮೇಲೆ ಕಾಂಕ್ರೀಟ್.

‘ಬಾಂಡಿಂಗ್’ ಅಂತಲೇ ಉಳಿಸೋಣ ಅಂದರೆ ಸೈಟಿನಲ್ಲಿ ತೊಂದರೆ ಇದೆ. ಕಂಬಿ ಕಟ್ಟುವವರ ಕಿವಿಗೆ ಅದು ಬೈಂಡಿಂಗ್ ವೈರ್. ಗಾರೆ ಕೆಲಸದವರಿಗೆ ಪ್ಲಾಸ್ಟರ್ ಹಿಡಿಯಲಿ ಅಂತ ಬಳಿಯುವ ಕೆಮಿಕಲ್. ‘ಬಾಂಡಿಂಗ್ ಆಯ್ತಾ?’ ಅಂದರೆ ಇಬ್ಬರೂ ‘ಆಯ್ತು ಸಾರ್’ ಅನ್ನುತ್ತಾರೆ, ತಾಮ್ರದ ತಂತಿ ಸುರುಳಿ ಮೂಲೆಯಲ್ಲೇ ಬಿದ್ದಿರುತ್ತದೆ.

‘ಬಂಧನ’ ಅಂದರೆ ಸೆರೆ. ‘ಬೆಸುಗೆ’ ಅಂದರೆ ವೆಲ್ಡಿಂಗ್. ಶಾಲೆಯ ಪುಸ್ತಕದಲ್ಲಿ ವೋಲ್ಟೇಜ್ ವ್ಯತ್ಯಾಸಕ್ಕೆ ‘ವಿಭವಾಂತರ’ ಅಂತ ಇರುವುದರಿಂದ ‘ಸಮವಿಭವ ಜೋಡಣೆ’ ಅನ್ನಬಹುದು, ಅರ್ಥವೂ ಸರಿ. ಆದರೆ ಸೈಟಿನಲ್ಲಿ ಯಾರ ಬಾಯಲ್ಲೂ ವಿಭವ ಕೇಳಿಲ್ಲ, ವೋಲ್ಟೇಜ್ ಎಲ್ಲರಿಗೂ ಗೊತ್ತು. ಸದ್ಯಕ್ಕೆ ‘ಸಮವೋಲ್ಟೇಜ್ ಜೋಡಣೆ’ ಅಂತ ಬರೆದಿಟ್ಟಿದ್ದೇನೆ.

ನಿಮ್ಮ ಕಡೆ ವೈರಿಂಗ್ ಕೆಲಸದವರು ಒಂದು ಲೋಹಕ್ಕೂ ಇನ್ನೊಂದಕ್ಕೂ ಹೀಗೆ ತಂತಿ ಹಾಕುವಾಗ ಏನಂತಾರೆ? ನಾಮಪದಕ್ಕಿಂತ ಕ್ರಿಯಾಪದ ಸಿಕ್ಕರೆ ಜಾಸ್ತಿ ಉಪಯೋಗ. ಸೂಚನೆಯ ತುಂಬ ‘ಇದನ್ನು ಅದಕ್ಕೆ ಹೀಗೆ ಮಾಡಿ’ ಅನ್ನುವ ವಾಕ್ಯಗಳೇ ಇವೆ.