ಓಪನ್ ಆಗಿದೆ ಅಂತ ತೋರಿಸುತ್ತೆ, ಒಬ್ರೂ ರಿಪ್ಲೈ ಮಾಡ್ತಿಲ್ಲ: ಹೊಸ ಕ್ಲೈಂಟ್‌ಗಳಿಗೆ ಕಳ್ಸೋ ಮೇಲ್‌ನಲ್ಲಿ ಏನ್ ತೊಂದ್ರೆ?

ವೆಬ್‌ಕೆಲಸ:
ಎಲ್ರಿಗೂ ನಮಸ್ಕಾರ. ಸಣ್ಣ ಬಿಸಿನೆಸ್‌ಗಳಿಗೆ ವೆಬ್‌ಸೈಟ್ ಮಾಡ್ಕೊಡ್ತೀನಿ, ಒಬ್ನೇ ಇರೋದು. ಪರಿಚಯ ಇಲ್ದಿರೋ ಕಂಪನಿಗಳಿಗೆ ಮೇಲ್ ಹಾಕಿ ಕೆಲ್ಸ ಹುಡುಕ್ತಾ ಇದೀನಿ, ಟ್ರ್ಯಾಕಿಂಗ್ ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಜನ ಓಪನ್ ಮಾಡಿದಾರೆ ಅಂತಿದೆ, ಆದ್ರೆ ಬೇಡ ಅಂತ ಹೇಳೋಕೂ ಯಾರೂ ಬರೀತಿಲ್ಲ. ಸ್ವಂತ ಡೊಮೇನ್, ಗೂಗಲ್ ವರ್ಕ್‌ಸ್ಪೇಸ್ ಇದೆ, ಒಟ್ಟಿಗೆ ಕಳ್ಸೋಕೆ ಬೇರೆ ಟೂಲ್ ಒಂದಿದೆ. ಮೇಲ್ ಇದು:

ಸಬ್ಜೆಕ್ಟ್: ನಿಮ್ಮ ವ್ಯವಹಾರ ಬೆಳೆಸಲು ಅದ್ಭುತ ಅವಕಾಶ!
"ಮಾನ್ಯರೇ, ನಾವು ವೆಬ್ ಡಿಸೈನ್, ಲೋಗೋ, ಎಸ್‌ಇಒ, ಸೋಶಿಯಲ್ ಮೀಡಿಯಾ ಮುಂತಾದ ಎಲ್ಲಾ ಸೇವೆಗಳನ್ನು ಅತ್ಯುತ್ತಮ ಗುಣಮಟ್ಟದಲ್ಲಿ ನೀಡುತ್ತೇವೆ. ಬ್ರೋಷರ್ ಲಗತ್ತಿಸಿದ್ದೇವೆ. ಈ ವಾರ 30 ನಿಮಿಷ ಮಾತನಾಡಲು ಸಮಯ ಕೊಡಿ."

ಸಬ್ಜೆಕ್ಟ್ ಬದ್ಲಾಯಿಸಿದ್ರೆ ಸರಿಹೋಗುತ್ತಾ?

ಅಂಚೆಪೆಟ್ಟಿಗೆ:
ಸಬ್ಜೆಕ್ಟ್ ಆಮೇಲೆ. ಮೊದ್ಲು ಆ ಓಪನ್ ಲೆಕ್ಕ ನಂಬೋದು ಬಿಡಿ. ಮೇಲೊಳಗೆ ಕಣ್ಣಿಗೆ ಕಾಣದ ಒಂದು ಚಿಕ್ಕ ಇಮೇಜ್ ಇರುತ್ತೆ, ಅದು ಲೋಡ್ ಆದ್ರೆ ಓಪನ್ ಅಂತ ಟೂಲ್ ಎಣಿಸುತ್ತೆ ಅಷ್ಟೇ. 2021ರಲ್ಲಿ ಐಒಎಸ್ 15 ಜೊತೆ ಆಪಲ್ ಮೇಲ್ ಪ್ರೈವಸಿ ಪ್ರೊಟೆಕ್ಷನ್ ಬಂದ್ಮೇಲೆ, ಅದನ್ನ ಆನ್ ಮಾಡಿರೋರಿಗೆ ಆಪಲ್‌ನವರೇ ಇಮೇಜ್‌ಗಳನ್ನ ಮುಂಚೆನೇ ಇಳಿಸಿಕೊಳ್ತಾರೆ, ಮನುಷ್ಯ ಮೇಲ್ ಮುಟ್ಟದೇ ಇದ್ರೂ ಓಪನ್ ಅಂತ ಬೀಳುತ್ತೆ. ಕಂಪನಿಗಳ ಸೆಕ್ಯುರಿಟಿ ಸ್ಕ್ಯಾನರ್‌ಗಳಿಂದಾನೂ ಹೀಗಾಗುತ್ತೆ.

ಹಾಗಾಗಿ ನಿಮ್ಮ ಮೇಲ್ ಸ್ಪ್ಯಾಮ್‌ಗೆ ಹೋಗ್ತಿದ್ರೂ ಗೊತ್ತಾಗಲ್ಲ. ಒಂದು ಟೆಸ್ಟ್ ಮಾಡಿ, ಅದೇ ಟೂಲಿಂದ ನಿಮ್ದೇ ಇನ್ನೊಂದು ಜಿಮೇಲ್ ಅಕೌಂಟ್‌ಗೆ ಮೇಲ್ ಕಳ್ಸಿ, ಕಂಪ್ಯೂಟರ್‌ನಲ್ಲಿ ಅದನ್ನ ತೆಗ್ದು ಮೂರು ಚುಕ್ಕಿ ಮೆನುಲಿ 'ಶೋ ಒರಿಜಿನಲ್' ಒತ್ತಿ. ಎಸ್‌ಪಿಎಫ್ (ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳ್ಸಬಹುದು ಅನ್ನೋ ಪಟ್ಟಿ), ಡಿಕಿಮ್ (ಮೇಲ್‌ಗೆ ಹಾಕೋ ಡಿಜಿಟಲ್ ಸಹಿ), ಡಿಮಾರ್ಕ್ (ಇವೆರಡೂ ಫೇಲಾದ್ರೆ ಮೇಲ್ ಏನ್ ಮಾಡ್ಬೇಕು ಅನ್ನೋ ನಿಯಮ) ಮೂರರ ಮುಂದೆ ಏನ್ ಬರೆದಿದೆ ಹೇಳಿ.

ವೆಬ್‌ಕೆಲಸ:
ನೋಡ್ದೆ. ಎಸ್‌ಪಿಎಫ್ ಹತ್ರ ಪರ್ಮ್‌ಎರರ್, ಡಿಕಿಮ್ ಪಾಸ್ ಇದೆ ಆದ್ರೆ ಪಕ್ಕದಲ್ಲಿ ಟೂಲ್‌ನವರ ಡೊಮೇನ್ ಕಾಣ್ತಿದೆ, ಡಿಮಾರ್ಕ್ ಅನ್ನೋ ಸಾಲೇ ಇಲ್ಲ. ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ರೆಕಾರ್ಡ್‌ಗಳಿರೋ ಜಾಗ) ಎಸ್‌ಪಿಎಫ್ ರೆಕಾರ್ಡ್ ಎರಡಿದೆ, ಗೂಗಲ್‌ಗೊಂದು ಟೂಲ್‌ಗೊಂದು.

ಅಂಚೆಪೆಟ್ಟಿಗೆ:
ಸಿಕ್ತು. ಪರ್ಮ್‌ಎರರ್ ಅಂದ್ರೆ ರೆಕಾರ್ಡೇ ತಪ್ಪಾಗಿದೆ ಅಂತ. ಒಂದು ಡೊಮೇನ್‌ಗೆ ಎಸ್‌ಪಿಎಫ್ ರೆಕಾರ್ಡ್ ಒಂದೇ ಇರ್ಬೇಕು, ಎರಡಿದ್ರೆ ಎರಡೂ ಲೆಕ್ಕಕ್ಕಿಲ್ಲ. ಒಂದನ್ನ ಅಳಿಸಿ ಎರಡೂ ಇನ್‌ಕ್ಲೂಡ್‌ಗಳನ್ನ (ಗೂಗಲ್‌ಗೆ, ಟೂಲ್‌ಗೆ ಅನುಮತಿ ಕೊಡೋ 'include:' ಭಾಗ) ಒಂದೇ ಸಾಲಲ್ಲಿ ಸೇರ್ಸಿ, ಆ ಸಾಲನ್ನ ಪರೀಕ್ಷಿಸೋಕೆ ಬೇಕಾಗೋ ಒಟ್ಟು ಡಿಎನ್‌ಎಸ್ ಲುಕಪ್ (ಹುಡುಕಾಟ) 10 ದಾಟಬಾರ್ದು ಅನ್ನೋದು ನೆನಪಿರ್ಲಿ. ಟೂಲ್‌ನ ಸೆಟ್ಟಿಂಗ್ಸ್‌ನಲ್ಲಿ ಡೊಮೇನ್ ಅಥೆಂಟಿಕೇಶನ್ ಅಂತ ಇರುತ್ತೆ, ಅಲ್ಲಿ ಕೊಡೋ ಡಿಕಿಮ್ ರೆಕಾರ್ಡ್ ಹಾಕಿದ್ರೆ ಸಹಿ ನಿಮ್ಮ ಡೊಮೇನ್ ಹೆಸರಲ್ಲೇ ಬೀಳುತ್ತೆ. ಕಳ್ಸಿದವರ ಅಡ್ರೆಸ್‌ನಲ್ಲಿರೋ ಡೊಮೇನೂ ಎಸ್‌ಪಿಎಫ್ ಅಥವಾ ಡಿಕಿಮ್ ಪಾಸ್ ಆಗಿರೋ ಡೊಮೇನೂ ಹೊಂದಿದ್ರೆ ಮಾತ್ರ ಡಿಮಾರ್ಕ್ ಪಾಸ್, ಈಗ ನಿಮಗೆ ಎರಡೂ ಕಡೆ ಹೊಂದ್ತಿಲ್ಲ. ಡಿಮಾರ್ಕ್ ರೆಕಾರ್ಡ್ ಒಂದು ಹಾಕಿ, ಪಾಲಿಸಿ ಸದ್ಯಕ್ಕೆ 'ನನ್' (none, ಫೇಲಾದ್ರೂ ತಡೀಬೇಡಿ) ಅಂತಿಟ್ಟು ರಿಪೋರ್ಟ್ ನೋಡ್ತಾ ಹೋಗಿ.

2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಇದ್ರಲ್ಲಿ ಬಿಗಿ ಆಗಿವೆ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳ್ಸೋರಿಗೆ ಮೂರೂ ಕಡ್ಡಾಯ, ಪ್ರಮೋಷನ್ ಮೇಲ್‌ನಲ್ಲಿ ಒಂದೇ ಕ್ಲಿಕ್ಕಿಗೆ ಅನ್‌ಸಬ್‌ಸ್ಕ್ರೈಬ್ ಇರ್ಬೇಕು. ಕಮ್ಮಿ ಕಳ್ಸೋರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕೇ ಬೇಕು. ಸ್ಪ್ಯಾಮ್ ದೂರು 0.3%ಗೆ ಮುಟ್ಟಬಾರ್ದು, 0.1%ಗಿಂತ ಕೆಳಗಿದ್ರೆ ಒಳ್ಳೇದು ಅಂತಾರೆ ಗೂಗಲ್‌ನವರು.

ರಾತ್ರಿಪಾಳಿ:
ಇಷ್ಟೆಲ್ಲಾ ಯಾಕೆ, ಹೊಸ ಡೊಮೇನ್ ತಗೊಂಡು ಅದ್ರಿಂದ ಕಳ್ಸಿ.

ಅಂಚೆಪೆಟ್ಟಿಗೆ:
ಹೊಸ ಡೊಮೇನ್‌ಗೆ ಒಳ್ಳೆ ಹೆಸರೂ ಇರಲ್ಲ ಕೆಟ್ಟ ಹೆಸರೂ ಇರಲ್ಲ, ಮೊದಲ್ನೇ ದಿನಾನೇ ರಾಶಿ ರಾಶಿ ಮೇಲ್ ಹೋದ್ರೆ ಫಿಲ್ಟರ್‌ಗೆ ಅನುಮಾನ ಜಾಸ್ತಿ. ಅಲ್ಲೂ ಇದೇ ರೆಕಾರ್ಡ್‌ಗಳನ್ನ ಹಾಕ್ಲೇಬೇಕು, ತಪ್ಪಿಸ್ಕೊಳ್ಳೋಕಾಗಲ್ಲ.

ಸಾಲುಗಾರ್ತಿ:
ಟೆಕ್ನಿಕಲ್ ಸರಿ ಮಾಡ್ಕೊಳ್ಳಿ, ಆದ್ರೆ ಈ ಮೇಲ್ ಇನ್‌ಬಾಕ್ಸ್‌ಗೆ ಬಿದ್ರೂ ನಾನಾಗಿದ್ರೆ ಉತ್ತರ ಬರೀತಿರ್ಲಿಲ್ಲ, ಬೇಜಾರ್ ಮಾಡ್ಕೋಬೇಡಿ. ಮೊದಲ್ನೇ ಪದದಿಂದ ಕೊನೇ ಪದದವರೆಗೆ ನಿಮ್ಮ ವಿಷ್ಯಾನೇ ಇದೆ, ಓದೋರ ಬಗ್ಗೆ ಒಂದು ಸಾಲೂ ಇಲ್ಲ. 'ಮಾನ್ಯರೇ' ಅಂದಾಕ್ಷಣ ಇದು ಊರಿಗೆಲ್ಲಾ ಹೋಗಿರೋ ಮೇಲು ಅಂತ ಗೊತ್ತಾಗಿಬಿಡುತ್ತೆ. ಗುರುತಿಲ್ದವರ ಬ್ರೋಷರ್ ಯಾರು ಓಪನ್ ಮಾಡ್ತಾರೆ, ವೈರಸ್ ಭಯ ಬೇರೆ. ಮತ್ತೆ ಮುಖ ನೋಡದೋರ ಹತ್ರ 30 ನಿಮಿಷ ಕೇಳೋದು ತುಂಬಾ ದೊಡ್ಡ ಬೇಡಿಕೆ.

ಹೀಗೆ ಬರೆದು ನೋಡಿ:

ಸಬ್ಜೆಕ್ಟ್: ಫೋನ್‌ನಲ್ಲಿ ನಿಮ್ಮ ಬುಕಿಂಗ್ ಬಟನ್ ಕಾಣ್ತಿಲ್ಲ
"ನಮಸ್ಕಾರ, ನಿಮ್ಮ ಸೈಟ್ ಫೋನ್‌ನಲ್ಲಿ ನೋಡ್ತಿದ್ದೆ. ಬುಕಿಂಗ್ ಪೇಜ್‌ನಲ್ಲಿ ಚಾಟ್ ಬಾಕ್ಸ್ ಬಂದು ಬಟನ್ ಮೇಲೇ ಕೂರುತ್ತೆ, ಅದನ್ನ ಮುಚ್ಚೋವರೆಗೂ ಬುಕ್ ಮಾಡೋಕಾಗಲ್ಲ. ನಾನು ಸಣ್ಣ ಬಿಸಿನೆಸ್‌ಗಳಿಗೆ ಸೈಟ್ ಮಾಡೋನು, ಇದು ಚಿಕ್ಕ ರಿಪೇರಿ. ಸ್ಕ್ರೀನ್‌ಶಾಟ್ ಕಳಿಸ್ಲಾ?"

ಇದಕ್ಕೆ 'ಕಳ್ಸಿ' ಅಂತ ಒಂದು ಪದ ಬರೆದ್ರೆ ಸಾಕು, ಓದೋರಿಗೆ ಭಾರ ಇಲ್ಲ. ಆದ್ರೆ ಸಮಸ್ಯೆ ನಿಜವಾಗ್ಲೂ ಇರ್ಬೇಕು, ಒಂದೊಂದು ಸೈಟೂ ನೀವೇ ಕೂತು ನೋಡಿರ್ಬೇಕು. ದಿನಕ್ಕೆ ನಾಲ್ಕೈದು ಮೇಲ್ ಅಷ್ಟೇ ಆಗುತ್ತೆ, ಆಗ್ಲಿ ಬಿಡಿ, ಒಬ್ರೇ ಕೆಲ್ಸ ಮಾಡೋರಿಗೆ ಒಂದೇ ಸಲ ಐವತ್ತು ಕ್ಲೈಂಟ್ ಬಂದ್ರೆ ಸಂಭಾಳಿಸೋಕಾಗುತ್ತಾ. ಇಷ್ಟು ಕಮ್ಮಿಗೆ ಆ ಟೂಲೂ ಬೇಕಾಗಿಲ್ಲ, ವರ್ಕ್‌ಸ್ಪೇಸ್‌ನಿಂದಲೇ ಕಳ್ಸಿ.

ವೆಬ್‌ಕೆಲಸ:
ಅರ್ಥ ಆಯ್ತು. ಸಬ್ಜೆಕ್ಟ್ ಮುಂದೆ 'ರಿ:' ಹಾಕಿದ್ರೆ ಜನ ತೆಗೀತಾರೆ ಅಂತ ಯಾರೋ ಹೇಳಿದ್ರು, ಅದು?

ಸಾಲುಗಾರ್ತಿ:
ಖಂಡಿತ ಬೇಡ. ಹಿಂದೆ ಮಾತಾಡಿದೀವಿ ಅಂತ ಸುಳ್ಳು ಹೇಳ್ಕೊಂಡು ಪರಿಚಯ ಶುರು ಮಾಡಿದಂಗೆ ಅದು. ಅಮೆರಿಕದವರಿಗೆ ಕಳ್ಸೋದಾದ್ರೆ ಕಾನೂನಿಗೂ ವಿರುದ್ಧ, ಅಲ್ಲಿನ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ದಾರಿ ತಪ್ಪಿಸೋ ಸಬ್ಜೆಕ್ಟ್ ಹಾಕಬಾರ್ದು ಅನ್ನುತ್ತೆ, ಅಂಚೆ ವಿಳಾಸ ಇರ್ಬೇಕು, ಬೇಡ ಅಂದವರನ್ನ 10 ಕೆಲಸದ ದಿನದೊಳಗೆ ಲಿಸ್ಟಿಂದ ತೆಗೀಬೇಕು. ಕಂಪನಿಗಳಿಗೆ ಕಳ್ಸೋ ಮೇಲ್‌ಗೂ ಇದೇ ರೂಲು. ಯುರೋಪ್, ಕೆನಡಾ ಇನ್ನೂ ಬಿಗಿ, ಅಲ್ಲಿಗೆ ಕಳ್ಸೋ ಮುಂಚೆ ನಿಯಮ ಓದ್ಕೊಳ್ಳಿ.

ವೆಬ್‌ಕೆಲಸ:
ಅಪ್‌ಡೇಟ್: ರೆಕಾರ್ಡ್ ಸರಿ ಮಾಡ್ದೆ, ಮೂರೂ ಪಾಸ್ ತೋರಿಸ್ತಿದೆ. ನೀವು ಹೇಳ್ದಂಗೆ ಒಂದೊಂದೇ ಸೈಟ್ ನೋಡಿ ಬರೆದೆ, ಒಬ್ರು 'ಸ್ಕ್ರೀನ್‌ಶಾಟ್ ಕಳ್ಸಿ' ಅಂದಿದಾರೆ, ಇನ್ನೊಬ್ರು ಈಗ ಬೇಡ ಅಂದ್ರು, ಅದೂ ಖುಷಿನೇ ಆಯ್ತು. ಹಳೇ ಲಿಸ್ಟ್‌ನವರಿಗೆಲ್ಲಾ ಹೊಸ ಮೇಲ್ ಮತ್ತೆ ಹಾಕ್ಲಾ?

ಸಾಲುಗಾರ್ತಿ:
ಎಲ್ರಿಗೂ ಬೇಡ. ಯಾರ ಸೈಟ್‌ನಲ್ಲಿ ಹೇಳೋಕೆ ಏನಾದ್ರೂ ಸಿಗುತ್ತೋ ಅವ್ರಿಗೆ ಮಾತ್ರ ಬರೀರಿ, ಉತ್ತರ ಬರ್ಲಿಲ್ಲ ಅಂದ್ರೆ ಒಂದು ವಾರ ಬಿಟ್ಟು ಅದೇ ಥ್ರೆಡ್‌ನಲ್ಲಿ ಇನ್ನೊಂದೇ ಸಲ, ಅದ್ರಲ್ಲೂ 'ನನ್ನ ಮೇಲ್ ನೋಡಿದ್ರಾ' ಅಂತ ಅಲ್ಲ, ಹೊಸದೇನಾದ್ರೂ ಕಂಡಿದ್ರೆ ಅದು. ಸ್ಕ್ರೀನ್‌ಶಾಟ್ ಕೇಳಿದವರಿಗೆ ಇವತ್ತೇ ಕಳ್ಸಿ, ರೇಟ್ ಅವ್ರು ಕೇಳಿದ್ಮೇಲೆ ಹೇಳಿ.